ಸೈಟ್ ಮಂಜೂರಾತಿ ಸಮಿತಿಗೆ ಜಯವಾಗಲಿ

ಕಚೇರಿಯ ಇಂಟ್ರಾನೆಟ್‌ನಲ್ಲಿ, ಅಂದರೆ ಒಳಗಿನವರಿಗಷ್ಟೇ ತೆರೆಯುವ ಜಾಲದಲ್ಲಿ, ಹೊಸ ಸೈಟ್ ಬೇಕಾದವರು ಅದು ಯಾವ ಬಗೆಯದೆಂದು ಮೊದಲೇ ತೀರ್ಮಾನಿಸಿ, ಸಕಾರಣವಾಗಿ ಅರ್ಜಿ ಸಲ್ಲಿಸತಕ್ಕದ್ದು ಎಂಬ ಸುತ್ತೋಲೆ ನಿಮ್ಮಲ್ಲಿಗೂ ಬಂದಿರಬೇಕು. ಇಂಥ ಸೈಟ್ ಕಟ್ಟಿಕೊಡುವ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಇರುವ ಕಡೆಯೆಲ್ಲ ಇದೇ ಪಾಡು. ಟೀಮ್ ಸೈಟ್ ಬೇಕೋ, ಕಮ್ಯುನಿಕೇಶನ್ ಸೈಟ್ ಬೇಕೋ ಎಂದು ಅದು ಕೇಳುತ್ತದೆ. ಮೊದಲನೆಯದರಲ್ಲಿ ತಂಡದವರೆಲ್ಲ ಬರೆಯುತ್ತಾರೆ. ಎರಡನೆಯದರಲ್ಲಿ ನಾಲ್ಕು ಜನ ಬರೆಯುತ್ತಾರೆ, ಉಳಿದ ಕಚೇರಿ ಓದಬೇಕು. ಓದುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ.

ನಮ್ಮ ಸಮಿತಿಯ ಮುಂದೆ ಬಂದ ಮೊದಲ ಅರ್ಜಿ ಕ್ಯಾಂಟೀನಿನದು. ದಿನದ ತಿಂಡಿಯ ಪಟ್ಟಿ ಹಾಕಬೇಕು, ಅಷ್ಟೆ. “ಇದು ಪ್ರಕಟಣೆ ಮೇಡಂ, ಕಮ್ಯುನಿಕೇಶನ್ ಸೈಟೇ ಸರಿ” ಎಂದರು ಒಬ್ಬರು. “ಉಪ್ಪಿಟ್ಟು ತಣ್ಣಗಿತ್ತು ಎಂದು ಯಾರಾದರೂ ಬರೆಯಬೇಕೆಂದರೆ? ಅದು ಸಹಭಾಗಿತ್ವವಲ್ಲವೇ ಸಾರ್?” ಎಂದರು ಮೇಡಂ. ಸಭೆ ಸ್ತಬ್ಧವಾಯಿತು. ಉಪ್ಪಿಟ್ಟಿನ ಸಾಂಸ್ಥಿಕ ಸ್ವರೂಪದ ಬಗ್ಗೆ ಅಧ್ಯಯನಕ್ಕೆ ಉಪಸಮಿತಿ ನೇಮಕವಾಗಿದೆ. ಪಟ್ಟಿ ಸದ್ಯಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿದೆ, ಸರಿಯಾಗಿಯೇ ಬರುತ್ತಿದೆ.

ಸಮಿತಿಯ ಭಯಕ್ಕೂ ಕಾರಣವಿದೆ ಎನ್ನಿ. ಮೈಕ್ರೋಸಾಫ್ಟ್ 365 ಗುಂಪಿನ (ಸದಸ್ಯರ ಕೂಟದ) ಸಮೇತ ಹುಟ್ಟಿದ ಟೀಮ್ ಸೈಟನ್ನು ಆಮೇಲೆ ಕಮ್ಯುನಿಕೇಶನ್ ಸೈಟಾಗಿ ಬದಲಿಸಲು ಬರುವುದಿಲ್ಲ. ಅದು ಒಂಟಿಯಾಗಿಯೂ ಬರುವುದಿಲ್ಲ. ಮೇಲ್‌ಬಾಕ್ಸ್, ಕ್ಯಾಲೆಂಡರ್, ಟಿಪ್ಪಣಿ ಪುಸ್ತಕಗಳ ಪರಿವಾರವನ್ನೇ ಹಿಂದಿಟ್ಟುಕೊಂಡು ಬರುತ್ತದೆ. ಕಚೇರಿ ಮಾತುಕತೆಯ ಆ್ಯಪ್ ಆದ ಟೀಮ್ಸ್‌ನಲ್ಲಿ, ಆಯ್ದವರಿಗಷ್ಟೇ ಕಾಣುವ ಒಂದು ಖಾಸಗಿ ಚಾನೆಲ್ ತೆರೆದರೂ ಸದ್ದಿಲ್ಲದೆ ಅದಕ್ಕೊಂದು ಪ್ರತ್ಯೇಕ ಸೈಟ್ ಹುಟ್ಟುತ್ತದೆ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ನಿವೃತ್ತರಾದಾಗ ತಲೆಗೆ ಇನ್ನೂರು ರೂಪಾಯಿ ಎತ್ತಿ, ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ತರುವುದಕ್ಕೆಂದು ಇಬ್ಬರು ಗುಟ್ಟಾಗಿ ಅಂಥ ಚಾನೆಲ್ ತೆರೆದರು. ಒಂದು ಸೈಟಿನ ಗರಿಷ್ಠ ಮಿತಿ 25 ಟೆರಾಬೈಟ್. ಅಷ್ಟು ವಿಶಾಲವಾದ ಅಂಗಳದಲ್ಲಿ ಇವತ್ತಿಗೂ ಕುಳಿತಿರುವುದು ಗಡಿಯಾರದ ರಸೀತಿ ಮಾತ್ರ. ಅಳಿಸಿದರೂ ಪ್ರಾಣ ಬೇಗ ಹೋಗುವುದಿಲ್ಲ. ಅಳಿಸಿದ ಸೈಟ್ 93 ದಿನ ಮರುಬಳಕೆ ತೊಟ್ಟಿಯಲ್ಲಿ ಉಸಿರಾಡುತ್ತಿರುತ್ತದೆ. ನಾವು ಮನುಷ್ಯರನ್ನೇ ಹದಿಮೂರನೆಯ ದಿನಕ್ಕೆ ವೈಕುಂಠ ಸಮಾರಾಧನೆ ಮಾಡಿ ಕಳಿಸಿಬಿಡುತ್ತೇವೆ.

ಎರಡೂ ಬಗೆಯ ಸೈಟ್‌ಗಳು ಬೇಕಾಬಿಟ್ಟಿ ಬೆಳೆದಿವೆ, ಅದಕ್ಕೂ ಪರಿಹಾರವಿದೆ: ಹಬ್ ಸೈಟ್. ಚದುರಿದ ಸೈಟ್‌ಗಳನ್ನೆಲ್ಲ ಒಂದೇ ಮೆನುವಿನ ಕೆಳಗೆ ಕೂಡಿಸುವ ಹಿರಿಯಣ್ಣ. ನಮ್ಮಲ್ಲಿ ಅದರ ನಾಮಕರಣಕ್ಕೆ ಸ್ಪರ್ಧೆ ಇಟ್ಟಿದ್ದಾರೆ. ‘ಸಂಗಮ’, ‘ಸೇತು’, ‘ಸಮನ್ವಯ’ ಕೊನೆಯ ಸುತ್ತಿಗೆ ಬಂದಿವೆ. ಮೂರೂ ಸೊಗಸಾಗಿವೆ, ಯಾವುದಾದರೂ ಗೆಲ್ಲಲಿ.

ಈ ಸಂಭ್ರಮದ ನಡುವೆ ನಮ್ಮ ಸಾಲಿನಲ್ಲಿ ಕೂರುವ, ಐದು ತಿಂಗಳ ಬಸುರಿ ಹುಡುಗಿಯೊಬ್ಬಳು ಹೆರಿಗೆ ರಜೆ ಎಷ್ಟು ಎಂದು ಹುಡುಕಿದಳು. ಇದ್ದದ್ದು ಎರಡು ಪಿಡಿಎಫ್, ಅವಳಿಗೆ ಸಿಕ್ಕಿದ್ದು ಮೊದಲನೆಯದು ಮಾತ್ರ. ಕಮ್ಯುನಿಕೇಶನ್ ಸೈಟಿನಲ್ಲಿ, ಬಣ್ಣದ ಬ್ಯಾನರಿನ ಕೆಳಗೆ, 12 ವಾರ ಎಂದಿತ್ತು. ಎಚ್‌ಆರ್‌ನ ಟೀಮ್ ಸೈಟಿನಲ್ಲಿ, ‘ಫೈನಲ್_ಹೊಸದು_2’ ಎಂಬ ಹೆಸರಿನಲ್ಲಿ, 26 ವಾರ. ಎರಡನೆಯದನ್ನು ತೆರೆಯಲು ಅವಳಿಗೆ ಅನುಮತಿ ಇಲ್ಲ, ಹಾಗಾಗಿ ಹುಡುಕಿದರೂ ಕಾಣಲಿಲ್ಲ, ಅನುಮತಿ ಇದ್ದವರು ಯಾರೋ ಆಮೇಲೆ ತೆರೆದು ತೋರಿಸಿದರು. ಮೊದಲ ಎರಡು ಹೆರಿಗೆಗೆ 26 ವಾರ ಎಂದು ಕಾನೂನು ತಿದ್ದುಪಡಿಯಾದದ್ದು 2017ರಲ್ಲಿ. ಕಮ್ಯುನಿಕೇಶನ್ ಸೈಟ್ ಎಂಬುದು ಬಂದದ್ದೂ ಅದೇ ವರ್ಷ. ಅಂದರೆ ಆ ಪುಟ ಹುಟ್ಟುವ ಹೊತ್ತಿಗೇ ಅದರೊಳಗಿನ ನಿಯಮ ಸತ್ತಿತ್ತು. ಯಾರೋ ಹಳೆಯ ಕಡತವನ್ನು ಹೊಸ ಜಾಗಕ್ಕೆ ಎಳೆದು ಹಾಕಿ, ಬ್ಯಾನರಿನ ಬಣ್ಣ ಆರಿಸಿ ಮನೆಗೆ ಹೋಗಿದ್ದಾರೆ.

ಸಮಿತಿಗೆ ಹೇಳಿದೆವು. ರಜೆ ನಿಯಮ ಪ್ರಕಟಣೆಯೋ ಸಹಭಾಗಿತ್ವವೋ ಎಂಬುದು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆಯಂತೆ. ಎರಡನೆಯದನ್ನು ಕಾಣುವವರೆಗೂ ಆ ಹುಡುಗಿ ರಜೆ 12 ವಾರವೇ ಎಂದುಕೊಂಡು, ಊರಿನಿಂದ ಅಮ್ಮನನ್ನು ಯಾವಾಗ ಕರೆಸಿಕೊಳ್ಳಲಿ ಎಂದು ಲೆಕ್ಕ ಹಾಕುತ್ತಿದ್ದಳು. ಸ್ವಾಮಿ, ಸೈಟ್ ಯಾವ ಬಗೆಯದಾದರೂ ಇರಲಿ. ಆ ಹಳೆಯ ಪಿಡಿಎಫ್ ತೆಗೆಯಿರಿ. ಇವತ್ತೇ ತೆಗೆಯಿರಿ.