ಮನವಿ ಕೊಡುತ್ತಾ ಕುಳಿತರೆ ಕಾಲಮಿತಿ ಕಾಯುವುದಿಲ್ಲ

ಬಡ್ತಿ ತಪ್ಪಿದಾಗ, ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಕೆಳಗಿಳಿದಾಗ, ನಿಯಮ ಮೀರಿ ವರ್ಗಾವಣೆಯಾದಾಗ ಕೊಡಗಿನ ಸರ್ಕಾರಿ ನೌಕರರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ: ಇನ್ನೊಂದು ಮನವಿ ಕೊಡಿ, ಇಲ್ಲವೇ ಹೈಕೋರ್ಟಿಗೆ ಹೋಗಿ. ಮೊದಲನೆಯದರಲ್ಲಿ ಕಾಲ ಕಳೆದುಹೋಗುತ್ತದೆ. ಎರಡನೆಯದಕ್ಕೆ ನೇರ ದಾರಿಯಿಲ್ಲ. ರಾಜ್ಯ ನೌಕರರ ಸೇವಾ ವಿವಾದಗಳನ್ನು ಮೊದಲು ಕೇಳಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಇದನ್ನು ಸೇವೆಗೆ ಸೇರಿದ ದಿನವೇ ಪ್ರತಿಯೊಬ್ಬರಿಗೂ ತಿಳಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. (ಕಂದಾಯ ಜಮೀನಿನ ಪ್ರಕರಣಗಳು ಹೋಗುವ ಮೇಲ್ಮನವಿ ನ್ಯಾಯಮಂಡಳಿಯೇ ಬೇರೆ.)

1976ರ 42ನೇ ತಿದ್ದುಪಡಿ ಇಂಥ ಮಂಡಳಿಗಳಿಗೆ ದಾರಿ ಮಾಡಿಕೊಡುವ 323ಎ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು, 1985ರಲ್ಲಿ ಆಡಳಿತ ನ್ಯಾಯಮಂಡಳಿಗಳ ಕಾಯ್ದೆ ಬಂತು, ಮರುವರ್ಷ ನಮ್ಮ ರಾಜ್ಯದ ಮಂಡಳಿ ಆರಂಭವಾಯಿತು. ಪೀಠದಲ್ಲಿ ನ್ಯಾಯಾಂಗ ಸದಸ್ಯರ ಜೊತೆಗೆ ಆಡಳಿತ ಸದಸ್ಯರೂ ಕೂರುವುದರಿಂದ, ಒಂದು ಕಡತ ಯಾವ ಟೇಬಲ್ಲಿನಲ್ಲಿ ಏಕೆ ನಿಂತಿತು ಎಂಬುದನ್ನು ಅಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ಸಿವಿಲ್ ನ್ಯಾಯಾಲಯಗಳ ಕಲಾಪದ ನಿಯಮಗಳಾದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಟ್ಟುಪಾಡು ಮಂಡಳಿಗಿಲ್ಲ. ಎರಡೂ ಕಡೆಯವರ ಮಾತು ಕೇಳಬೇಕೆಂಬಂಥ ಸಹಜ ನ್ಯಾಯದ ತತ್ವಗಳಂತೆ, ಹೆಚ್ಚಾಗಿ ದಾಖಲೆಗಳ ಆಧಾರದಲ್ಲೇ ವಿಚಾರಣೆ ನಡೆಯುತ್ತದೆ. ವಕೀಲರಿಲ್ಲದೆ ತಾವೇ ವಾದಿಸಲೂ ಅವಕಾಶವಿದೆ. ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗುವ ಹಕ್ಕನ್ನು 1997ರ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ನಮ್ಮವರು ಸೋಲುವುದು ಕಾಲಮಿತಿಯಲ್ಲಿ. ವಿರಾಜಪೇಟೆ ಕಡೆಯ ಆರೋಗ್ಯ ಸಹಾಯಕಿಯೊಬ್ಬರು ತಮ್ಮ ಫೈಲನ್ನು ನನಗೆ ತೋರಿಸಿದ್ದರು. ಒಂದೇ ಒಕ್ಕಣೆಯ ಮನವಿಗಳು, ದಿನಾಂಕ ಮಾತ್ರ ಬೇರೆ. ಪ್ರತಿಯೊಂದರ ಮೂಲೆಯಲ್ಲೂ ಟಪಾಲು ಶಾಖೆಯ ನೇರಳೆ ಬಣ್ಣದ ದುಂಡು ಮೊಹರು. ಆ ಮೊಹರು ಬೀಳುತ್ತಿರುವವರೆಗೆ ಪ್ರಕರಣ ಜೀವಂತವಾಗಿರುತ್ತದೆಂದು ಅವರು ನಂಬಿದ್ದರು. ಕಾನೂನು ಹಾಗೆ ಹೇಳುವುದಿಲ್ಲ. ಅಂತಿಮ ಆದೇಶವಾದ ದಿನದಿಂದ ಒಂದು ವರ್ಷದೊಳಗೆ ಮಂಡಳಿಗೆ ಅರ್ಜಿ ಹಾಕಬೇಕು. ಇಲಾಖೆಗೆ ನಿಯಮಾನುಸಾರ ಸಲ್ಲಿಸಿದ ಮೇಲ್ಮನವಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ, ಆ 6 ತಿಂಗಳು ಮುಗಿದಲ್ಲಿಂದ ಒಂದು ವರ್ಷ. ನಿಯಮದಲ್ಲಿಲ್ಲದ ಮನವಿಗಳನ್ನು ಮತ್ತೆ ಮತ್ತೆ ಕೊಡುವುದರಿಂದ ಈ ಅವಧಿ ಬೆಳೆಯುವುದಿಲ್ಲವೆಂದು 1989ರಲ್ಲೇ ಎಸ್.ಎಸ್. ರಾಠೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ ನಿಜ, ಆದರೆ ಅದನ್ನೇ ನೆಚ್ಚಿಕೊಳ್ಳಲಾಗದು. ಪಿಂಚಣಿ ಅಥವಾ ವೇತನ ನಿಗದಿಯ ತಪ್ಪು ತಿಂಗಳು ತಿಂಗಳೂ ಮುಂದುವರಿಯುವಂಥದ್ದಾದ್ದರಿಂದ ತಡವಾಗಿ ಹೋದವರಿಗೂ ಪರಿಹಾರ ಸಿಗಬಹುದು. ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷಗಳಿಗೆ ಸೀಮಿತ.

ಇನ್ನು ದೂರದ ಮಾತು. ಬೆಂಗಳೂರಿನ ಪ್ರಧಾನ ಪೀಠದ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ, ಅದು ಆಗಲೇಬೇಕಿದ್ದ ಕೆಲಸ. ಆದರೆ ಮಡಿಕೇರಿಯಿಂದ ಬೆಂಗಳೂರಿಗೆ 250 ಕಿಲೋಮೀಟರಿಗೂ ಹೆಚ್ಚು. ಜುಲೈ ಮಳೆಯಲ್ಲಿ ರಾತ್ರಿ ಬಸ್ಸು ಹತ್ತಿ, ರಜೆ ಹಾಕಿ ಹೋದವರಿಗೆ ಸಿಗುವುದು ಮುಂದಿನ ದಿನಾಂಕವಾದರೆ, ಕಡಿಮೆ ಖರ್ಚಿನ ನ್ಯಾಯವೆಂಬ ಆಶ್ವಾಸನೆಗೆ ಅರ್ಥವಿರುವುದಿಲ್ಲ. ತಿಂಗಳಿಗೆ ಕೆಲವು ದಿನವಾದರೂ ಮೈಸೂರಿನಲ್ಲಿ ಸಂಚಾರಿ ಪೀಠ ಕೂರಬೇಕು, ಜಿಲ್ಲಾ ಕೇಂದ್ರದಿಂದಲೇ ವಿಡಿಯೊ ಮೂಲಕ ಹಾಜರಾಗುವ ವ್ಯವಸ್ಥೆ ಎಲ್ಲ ಅರ್ಜಿದಾರರಿಗೂ ಸಿಗಬೇಕು. ನೌಕರರ ಸಂಘಗಳು ವೇತನ ಆಯೋಗದ ಬೇಡಿಕೆಗಳ ಜೊತೆಗೆ ಇದನ್ನೂ ಸರ್ಕಾರದ ಮುಂದಿಡಲಿ.