ಪಾಣಿ ಎಂದರೆ ಪಹಣಿ

ಮಾತೃಭಾಷೆಯಲ್ಲಿ ಕಲಿಸುವುದು ಹೇಗೆ ಎಂಬ ಮೂರು ದಿನಗಳ ತರಬೇತಿಗೆ ಹೋಗಿ ಬಂದೆ. ಸ್ಲೈಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ದೆಹಲಿಯಿಂದ ಬೆಂಗಳೂರು, ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ತಾಲ್ಲೂಕು ಎಂದು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವನ್ನು ಕನ್ನಡಕ್ಕೆ ತರಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಸಂಪನ್ಮೂಲ ವ್ಯಕ್ತಿಗಳು ಒಂದೊಂದನ್ನೂ ಗಟ್ಟಿಯಾಗಿ ಓದಿ, ‘ಅರ್ಥವಾಯಿತಲ್ಲ ಸರ್?’ ಎನ್ನುತ್ತಿದ್ದರು. ಇಲ್ಲ ಎಂದರೆ ಊಟ ತಡವಾಗುತ್ತದೆ. ಆಯಿತು ಎಂದೆವು.

ಒಂದು ಚಪ್ಪಾಳೆ ಆಟ, ತಲೆಗೊಂದು ಪ್ಯಾಡು, ಒಂದು ಪೆನ್ನು, ಗುಂಪಿಗೊಂದು ಚಾರ್ಟು. ನಮ್ಮ ಗುಂಪಿನ ಪಾಲಿಗೆ ಬಂದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಮಾತು: ಸಾಧ್ಯವಾದಲ್ಲೆಲ್ಲ, ಕನಿಷ್ಠ ಐದನೇ ತರಗತಿಯವರೆಗೆ, ಮನೆಮಾತಿನಲ್ಲಿ ಬೋಧನೆ. ‘ಸಾಧ್ಯವಾದಲ್ಲೆಲ್ಲ’ ಎಂಬ ಪದಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಇಡೀ ನೀತಿ ಕಾಲುಚಾಚಿ ದಣಿವಾರಿಸಿಕೊಳ್ಳುವ ಜಗಲಿ ಅದು. ಭಾಷಾ ಅಲ್ಪಸಂಖ್ಯಾತ ಮಕ್ಕಳ ವಿಚಾರದಲ್ಲಿ ಸಂವಿಧಾನದ 350ಎ ವಿಧಿ 1956ರಿಂದಲೂ ಇದನ್ನೇ ಹೇಳುತ್ತ ಬಂದಿದೆ. ಪಾಪ, ಅದಕ್ಕೂ ರೂಢಿಯಾಗಿರಬೇಕು.

ನನ್ನದು ತಾಂಡಾದ ಶಾಲೆ, ಮಕ್ಕಳ ಮನೆಮಾತು ಲಂಬಾಣಿ. ‘ಇವರಿಗೆ ಯಾವ ಭಾಷೆಯಲ್ಲಿ ಕಲಿಸಲಿ?’ ಎಂದು ಎದ್ದು ಕೇಳಿದೆ. ತಪ್ಪು ನನ್ನದೇ, ಟೀ ಬರುವ ಹೊತ್ತಾಗಿತ್ತು. ಅಧಿಕಾರಿಯೊಬ್ಬರು ಮೊಬೈಲಿನಲ್ಲಿ ಜನಗಣತಿಯ ಪಟ್ಟಿ ತೆಗೆದರು. 2011ರಲ್ಲಿ ಜನ ತಮ್ಮ ಮಾತೃಭಾಷೆಯೆಂದು ಹೇಳಿದ ಹೆಸರುಗಳು 19,569. ಸೋಸಿದಾಗ ಉಳಿದವು 1,369. ಮತ್ತೆ ಸೋಸಿ ಗುಂಪು ಕಟ್ಟಿದಾಗ 121. ನಮ್ಮ ಮನೆಯಲ್ಲಿ ಕಾಫಿ ಡಿಕಾಕ್ಷನ್ನನ್ನೂ ಇಷ್ಟು ಸಲ ಸೋಸುವುದಿಲ್ಲ. ಹೀಗೆ ಸೋಸುವಾಗ ಲಂಬಾಣಿ ಹೋಗಿ ಬಿದ್ದದ್ದು ಭೋಜಪುರಿ, ರಾಜಸ್ಥಾನಿಗಳ ಜೊತೆ ಹಿಂದಿಯ ಪಾತ್ರೆಗೆ.

‘ನೋಡಿ ಮೇಷ್ಟ್ರೇ, ನಿಮ್ಮ ಮಕ್ಕಳ ಭಾಷೆ ಹಿಂದಿ! ನೀರಿಗೆ ಪಾಣಿ ಎನ್ನುತ್ತಾರೋ ಇಲ್ಲವೋ?’

ಎನ್ನುತ್ತಾರೆ. ಆದರೆ ನಮ್ಮ ಕಡೆ ಪಾಣಿ ಎಂದರೆ ಪಹಣಿ. ನಾನು ಆ ಶಾಲೆಗೆ ಹೊಸದಾಗಿ ಹೋದಾಗ ಒಂದನೇ ತರಗತಿಯ ಹುಡುಗನೊಬ್ಬ ಬಂದು ‘ಪಾಣಿ’ ಎಂದ. ‘ಅದು ನಾಡಕಚೇರಿಯಲ್ಲಿ ಸಿಗುತ್ತದೆ, ನಿಮ್ಮಪ್ಪನನ್ನು ಕಳಿಸು’ ಎಂದಿದ್ದೆ. ಒಣಗಿದ ತುಟಿ ಸವರಿಕೊಂಡು ಹೋಗಿ ಕುಳಿತುಕೊಂಡ.

ಅತ್ತ ಸರ್ಕಾರ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದ ಮೇಲೆ ತಾಂಡಾದವರು ನನ್ನನ್ನು ಕಂಡಾಗಲೆಲ್ಲ ‘ನಮಗೆ ಯಾವಾಗ ಸರ್?’ ಎನ್ನುತ್ತಾರೆ. ಮನೆಯಲ್ಲಿ ಲಂಬಾಣಿ, ಪುಸ್ತಕದಲ್ಲಿ ಕನ್ನಡ, ಗಣತಿಯಲ್ಲಿ ಹಿಂದಿ, ಆಸೆಯಲ್ಲಿ ಇಂಗ್ಲಿಷ್. ನಮ್ಮಷ್ಟು ಬಹುಭಾಷಾ ಶಾಲೆ ಯಾವ ದೇಶದಲ್ಲಿದ್ದೀತು!

ಪ್ರಮಾಣಪತ್ರ ಹಿಡಿದು ಶಾಲೆಗೆ ಮರಳಿದೆ. ನಾನಿಲ್ಲದ ಮೂರು ದಿನ ಪಕ್ಕದೂರಿನ ಮೇಷ್ಟ್ರು ಬಂದು ಬೀಗ ತೆಗೆದು, ಬಿಸಿಯೂಟದ ಲೆಕ್ಕ ಬರೆದು ಹೋಗಿದ್ದರಂತೆ. ನಲಿ-ಕಲಿ ಕೋಣೆಯಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ಚಿಕ್ಕವರನ್ನು ಸುತ್ತ ಕೂರಿಸಿಕೊಂಡು, ಕಾರ್ಡಿನಲ್ಲಿದ್ದ ‘ಅಮ್ಮ’ನ ಮೇಲೆ ಬೆರಳಿಟ್ಟು ‘ಯಾಡಿ’ ಎನ್ನುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

‘ಸರ್, ತರಬೇತಿಯಲ್ಲಿ ಏನು ಕೊಟ್ಟರು?’

ಪ್ಯಾಡನ್ನೂ ಪೆನ್ನನ್ನೂ ಅವಳಿಗೆ ಕೊಟ್ಟೆ. ಪ್ರಮಾಣಪತ್ರದಲ್ಲಿ ಮಾತ್ರ ನನ್ನ ಹೆಸರು ಅಚ್ಚಾಗಿಬಿಟ್ಟಿತ್ತು.