ಸಭೆಗೆ ಕರೆದರೆ ಸಾಲದು, ಲೆಕ್ಕವನ್ನೂ ಕೊಡಿ

ಆಡಳಿತ ಸುಧಾರಣೆಯ ಮಾತು ಬಂದಾಗಲೆಲ್ಲ 'ಜನರ ಸಹಭಾಗಿತ್ವ' ಅಂತ ಒಂದು ಸಾಲು ಇದ್ದೇ ಇರುತ್ತದೆ. ನನಗೆ ಅಲ್ಲೇ ಅನುಮಾನ. ಸಭೆ ಕರೆಯುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. ದುಡ್ಡು ಎಲ್ಲಿಗೆ ಅನ್ನೋದು ಮಾತ್ರ ಮೊದಲೇ ತೀರ್ಮಾನ ಆಗಿರುತ್ತದೆ. ಜನ ಸುಮ್ನೆ ತಲೆಯಾಡಿಸಿ ಬರಬೇಕು, ಅಷ್ಟೇ.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಇದನ್ನು ಬೇರೆ ಥರ ಮಾಡಿ ತೋರಿಸಿತ್ತು. ಸೇನೆಯ ಆಳ್ವಿಕೆ ಮುಗಿದು, 1988ರಲ್ಲಿ ಹೊಸ ಸಂವಿಧಾನ ಬಂದಿತ್ತು. ಮರುವರ್ಷ ವರ್ಕರ್ಸ್ ಪಾರ್ಟಿಯ ಒಲಿವಿಯೊ ದುತ್ರಾ ಅಲ್ಲಿ ಮೇಯರ್ ಆದರು. ಹೊಸ ಕಾಮಗಾರಿಗೆ ಇಟ್ಟ ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ಜನರನ್ನೇ ಕೇಳುವ ಪದ್ಧತಿ ಶುರುವಾಯಿತು. ಊರನ್ನು 16 ಭಾಗ ಮಾಡಿದರು. ಚರಂಡಿ ಮೊದಲೋ, ರಸ್ತೆ ಮೊದಲೋ, ಮನೆ ಮೊದಲೋ ಅಂತ ಪ್ರತಿ ಭಾಗದಲ್ಲೂ ವಾದ, ಆಮೇಲೆ ಮತ. ಅಲ್ಲಿಂದ ಆರಿಸಿ ಬಂದವರು ಬಜೆಟ್ ಕೌನ್ಸಿಲ್‌ನಲ್ಲಿ ಅಧಿಕಾರಿಗಳ ಎದುರು ಕೂತು ಹಂಚಿಕೆ ಮಾಡುತ್ತಿದ್ದರು.

ಗಲಾಟೆ ಮಾಡಿದವರಿಗೇ ದುಡ್ಡು ಹೋಗಿಬಿಟ್ಟರೆ? ಅದಕ್ಕೇ ಅಂಕ ಇಟ್ಟಿದ್ದರು. ಆ ಭಾಗದಲ್ಲಿ ಜನ ಎಷ್ಟು, ಯಾವ ಸೌಲಭ್ಯ ಎಷ್ಟು ಕೊರತೆ, ಜನ ಯಾವುದನ್ನು ಮೊದಲು ಕೇಳಿದ್ದಾರೆ, ಇವನ್ನೆಲ್ಲ ಕೂಡಿಸಿ ಲೆಕ್ಕ. ಕೊರತೆ ಜಾಸ್ತಿ ಇದ್ದ ಕಡೆಗೆ ಅಂಕವೂ ಜಾಸ್ತಿ.

ನನಗೆ ಇನ್ನೂ ಹಿಡಿಸಿದ್ದು ಬೇರೆ. ಹೊಸ ವರ್ಷದ ಸಭೆಗಳು ಹೋದ ವರ್ಷದ ಲೆಕ್ಕದಿಂದ ಶುರುವಾಗುತ್ತಿದ್ದವು. ಒಪ್ಪಿದ ಕೆಲಸಗಳ ಪಟ್ಟಿ ಅಚ್ಚಾಗಿ ಜನರ ಕೈಲಿರುತ್ತಿತ್ತು. ಯಾವುದು ಆಯ್ತು, ಯಾವುದು ಯಾಕೆ ಆಗಿಲ್ಲ ಅಂತ ನಗರಾಡಳಿತದವರು ಎದುರು ನಿಂತು ಹೇಳಬೇಕಿತ್ತು.

ಬರೀ ಮಾಹಿತಿಯಿಂದ ಏನಾಗುತ್ತೆ ಅನ್ನೋರು ಉಗಾಂಡ ನೋಡಬೇಕು. 1990ರ ದಶಕದ ಮೊದಲ ಅರ್ಧದಲ್ಲಿ ಪ್ರಾಥಮಿಕ ಶಾಲೆಗಳಿಗೆ ಅಂತ ಬಿಡುಗಡೆಯಾದ ಅನುದಾನದಲ್ಲಿ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆ ಮುಟ್ಟುತ್ತಿತ್ತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಹಣ ಹೋಯ್ತು ಅಂತ ಪತ್ರಿಕೆಗಳಲ್ಲಿ ಹಾಕತೊಡಗಿದರು. 2001ರ ಹೊತ್ತಿಗೆ ಶೇ. 80 ದಾಟಿತು. ಪತ್ರಿಕೆಯಿಂದಲೇ ಎಲ್ಲ ಆಗಿಲ್ಲ, ಬೇರೆ ಸುಧಾರಣೆಗಳೂ ಜೊತೆಗೆ ನಡೆದಿದ್ದವು ಅನ್ನೋ ತಕರಾರು ಇದೆ. ಇರಲಿ. ಆದರೆ ಎಷ್ಟು ಬರಬೇಕು ಅಂತಲೇ ಗೊತ್ತಿಲ್ಲದ ಹೆಡ್‌ಮಾಸ್ಟರ್ ಏನಂತ ಕೇಳಿಯಾರು?

ಪೋರ್ಟೊ ಅಲೆಗ್ರೆಯಲ್ಲಿ ಮುಂದೆ ಆದದ್ದು ಬೇಸರದ ಕಥೆ. 2004ರ ಚುನಾವಣೆಯಲ್ಲಿ ಆ ಪಕ್ಷ ಸೋತಿತು. ಸಭೆಗಳೇನೋ ನಡೆದವು, ಒಪ್ಪಿದ ಕೆಲಸಗಳು ಮಾತ್ರ ಬಾಕಿ ಬೀಳುತ್ತಾ ಹೋದವು. ಕೊನೆಗೆ 2017ರಲ್ಲಿ ದುಡ್ಡಿಲ್ಲ ಅಂತ ಎಲ್ಲ ನಿಲ್ಲಿಸಿದರು.

ನಿಲ್ಲಿಸೋದು ಅಷ್ಟು ಸುಲಭ ಆಗಿದ್ದಕ್ಕೆ ಒಂದು ಕಾರಣ, ಈ ಪದ್ಧತಿಯನ್ನು ಕಾನೂನಲ್ಲಿ ಕಟ್ಟಿಹಾಕಿರಲಿಲ್ಲ. ಕಟ್ಟಿಹಾಕಿದರೆ ನಿಯಮ ಬದಲಿಸುವ ಹಿಡಿತ ಜನರ ಕೈತಪ್ಪುತ್ತದೆ ಅನ್ನೋ ಭಯ ಇತ್ತು. ಅದೇನೂ ಸುಳ್ಳು ಭಯ ಅಲ್ಲ. ಆದರೂ ಎರಡು ಮಾತನ್ನಾದರೂ ಕಾನೂನಿಗೆ ಸೇರಿಸಬೇಕು ಅಂತ ನನ್ನ ವಾದ. ಬಜೆಟ್‌ನಲ್ಲಿ ಇಂತಿಷ್ಟು ಪಾಲು ಜನರ ತೀರ್ಮಾನಕ್ಕೆ. ಹೋದ ವರ್ಷದ ಲೆಕ್ಕ ಜನರ ಮುಂದಿಡದೆ ಹೊಸ ಬಜೆಟ್‌ಗೆ ಒಪ್ಪಿಗೆ ಇಲ್ಲ. ಸಭೆ ಯಾವಾಗ, ಯಾರು ಎಷ್ಟು ಹೊತ್ತು ಮಾತಾಡಬೇಕು ಅನ್ನೋದನ್ನೆಲ್ಲ ಬಂದ ಜನರೇ ನೋಡಿಕೊಳ್ಳುತ್ತಾರೆ ಬಿಡಿ.